ರಾಕೆಟ್ ಯಾರದು, ಕೀಲಿ ಯಾರ ಕೈಯಾಗ

2025ರ ಜೂನ್ ತಿಂಗಳು ನಮ್ಮ ವಾಚನಾಲಯದಾಗ ಮಳಿ ಸುದ್ದಿಗಿಂತ ರಾಕೆಟ್ ಸುದ್ದಿನೇ ಜಾಸ್ತಿ ಆಗಿತ್ತು. ನಮ್ಮ ವಾಯುಪಡೆಯ ಶುಭಾಂಶು ಶುಕ್ಲಾ ಅಂತರಿಕ್ಷ ನಿಲ್ದಾಣಕ್ಕೆ ಹೋಗುವವರಿದ್ದರು. ಹತ್ತಿಬೀಜ ತರಲಿಕ್ಕೆ ಆದವಾನಿಗೆ ಹೋಗಿ ಬಂದವರೂ ಬಸ್ ಇಳಿದು ಚೀಲ ಬಾಗಿಲಾಗ ಇಟ್ಟು, ಮೊದಲು ಪೇಪರ್ ತಿರುವಿ ನೋಡುತ್ತಿದ್ದರು. ಒಂದು ಸಂಜಿ ಕಿರಾಣಿ ಅಂಗಡಿಯ ಹುಡುಗ ಕೇಳಿದ: "ಸರ್, ಇದು ಇಸ್ರೊ ರಾಕೆಟ್ ಅಲ್ಲಂತಲ್ಲ, ಅಮೆರಿಕದ ಯಾವನೋ ಸಾಹುಕಾರನದಂತಲ್ಲ?" ಪಕ್ಕದಾಗ ಕುಂತಿದ್ದ ಟ್ರ್ಯಾಕ್ಟರ್ ಮಾಲಕರು, "ಸಾಹುಕಾರನದಾದ್ರೇನು, ಗಾಡಿ ಚೊಲೊ ಇದ್ರ ಸಾಕು" ಅಂದರು. ಅಲ್ಲಿಂದ ಜಗಳ ಸುರು. ಎಂಟಕ್ಕ ಕರೆಂಟ್ ಹೋಯಿತು, ಎಲ್ಲರೂ ಮನಿಗೆ ಹೋದೆವು. ನನ್ನ ಮಾತು ಅರ್ಧಕ್ಕೇ ನಿಂತಿತ್ತು. ಉಳಿದದ್ದನ್ನು ಇಲ್ಲಿ ಬರೆಯುತ್ತೇನೆ.

ಸಾಹುಕಾರರ ಮೇಲೆ ಸಿಟ್ಟು ಬರುವುದು ಸಹಜವೇ. 2021ರ ಜುಲೈ ತಿಂಗಳಲ್ಲಿ, ಕೊರೋನಾದಿಂದ ಜಗತ್ತು ಇನ್ನೂ ಏಳದೆ ಇದ್ದಾಗ, ಒಂಬತ್ತು ದಿನಗಳ ಅಂತರದಲ್ಲಿ ಇಬ್ಬರು ಕೋಟ್ಯಧಿಪತಿಗಳು ತಮ್ಮ ತಮ್ಮ ಕಂಪನಿಯ ವಾಹನದಲ್ಲಿ ಮೇಲೆ ಹೋಗಿ ಬಂದರು. 11ನೇ ತಾರೀಖು ರಿಚರ್ಡ್ ಬ್ರಾನ್ಸನ್, 20ನೇ ತಾರೀಖು ಅಮೆಜಾನ್‌ನ ಜೆಫ್ ಬೆಜೋಸ್. ಬೆಜೋಸ್ ಹಾರಿದ್ದು ಬರೀ ಹತ್ತು ನಿಮಿಷ. ನಮ್ಮೂರ ಬಸ್ ಮುಂದಿನ ಕ್ರಾಸಿಗೆ ಹೋಗಲಿಕ್ಕೂ ಅಷ್ಟು ಹೊತ್ತು ಬೇಕು. ಇಳಿದ ಮೇಲೆ ಅವರು ಅಮೆಜಾನ್ ನೌಕರರಿಗೂ ಗಿರಾಕಿಗಳಿಗೂ ಧನ್ಯವಾದ ಹೇಳಿ, ಇದಕ್ಕೆಲ್ಲ ರೊಕ್ಕ ಕೊಟ್ಟವರು ನೀವೇ ಅಂದರು. ಕೇಳಿದವರಿಗೆ ಉರಿಯಿತು. ನನಗೆ ಮಾತ್ರ, ಆ ಮನುಷ್ಯ ಅವತ್ತು ಅಪ್ಪಟ ಸತ್ಯ ಹೇಳಿದ ಅನ್ನಿಸಿತು. ಅದೇ ವಾಹನದಲ್ಲಿ ವಾಲಿ ಫಂಕ್ ಎಂಬ 82 ವರ್ಷದ ಹೆಣ್ಣುಮಗಳೂ ಇದ್ದರು. 1961ರಲ್ಲಿ ಗಗನಯಾತ್ರಿಗಳ ವೈದ್ಯಕೀಯ ಪರೀಕ್ಷೆಗಳನ್ನು ಪಾಸು ಮಾಡಿದರೂ, ಹೆಣ್ಣು ಅಂತ ಸರ್ಕಾರದ ರಾಕೆಟ್ಟಿನಲ್ಲಿ ಅವರಿಗೆ ಜಾಗ ಸಿಕ್ಕಿರಲಿಲ್ಲ. ಅರವತ್ತು ವರ್ಷದ ಮೇಲೆ ಜಾಗ ಕೊಟ್ಟದ್ದು ಸಾಹುಕಾರನ ರಾಕೆಟ್ಟು. ಸರ್ಕಾರದ್ದೆಲ್ಲ ಧರ್ಮ, ಖಾಸಗಿಯದೆಲ್ಲ ಅಧರ್ಮ ಅನ್ನುವವರಿಗೆ ನಾನು ಆ ಅಜ್ಜಿಯ ಹೆಸರು ಹೇಳುತ್ತಿರುತ್ತೇನೆ.

ಇನ್ನೊಂದು ಮಾತು ಮಾಸ್ತರಿಕೆಯ ಚಟದಿಂದ ಹೇಳುತ್ತೇನೆ. ಖಾಸಗಿ ಕಂಪನಿಗಳು ಅಂತರಿಕ್ಷಕ್ಕೆ ನಿನ್ನೆ ಮೊನ್ನೆ ಬಂದವಲ್ಲ. 1969ರಲ್ಲಿ ಚಂದ್ರನ ಮೇಲೆ ಇಳಿದ ವಾಹನ ಕಟ್ಟಿದ್ದು ಗ್ರಮ್ಮನ್ ಎಂಬ ಕಂಪನಿ. ನಮ್ಮ ಇಸ್ರೊ ರಾಕೆಟ್ಟಿಗೆ ವಿಕಾಸ್ ಎಂಜಿನ್ ಮಾಡಿಕೊಡುವುದು ಗೋದ್ರೆಜ್, ಬೀಗ ಬೀರು ಮಾಡುವ ಅದೇ ಗೋದ್ರೆಜ್. ಆದರೆ ಆಗ ಕಂಪನಿಯವರು ಗೌಂಡಿಗಳಿದ್ದಂಗ. ಮನಿ ಕಟ್ಟಿ, ಕೂಲಿ ತೊಗೊಂಡು, ಕೀಲಿ ಮನಿಯವರ ಕೈಯಾಗ ಕೊಟ್ಟು ಹೋಗುತ್ತಿದ್ದರು. ಈಗ ಗೌಂಡಿಯೇ ಮನಿ ಇಟ್ಟುಕೊಂಡು ಸರ್ಕಾರಕ್ಕೆ ಬಾಡಿಗಿಗೆ ಕೊಡುತ್ತಾನೆ. ಬದಲಾದದ್ದು ಇಷ್ಟೇ, ಆದರೆ ಇದು ಸಣ್ಣ ಬದಲಾವಣೆ ಅಲ್ಲ.

ಹಿಂಗ ಯಾಕಾಯಿತು ಅಂದ್ರ, 2011ರಲ್ಲಿ ಅಮೆರಿಕದ ಸ್ಪೇಸ್ ಶಟಲ್ ನಿಂತುಹೋಯಿತು. ಆಮೇಲೆ ಒಂಬತ್ತು ವರ್ಷ ಆ ದೇಶದವರು ತಮ್ಮ ಗಗನಯಾತ್ರಿಗಳನ್ನು ರಷ್ಯಾದ ಸೋಯುಜ್‌ನಲ್ಲಿ ಸೀಟು ಕೊಂಡು ಕಳಿಸಿದರು. 2014ರಲ್ಲಿ ನಾಸಾ ಎರಡು ಕಂಪನಿಗಳಿಗೆ ಗುತ್ತಿಗೆ ಕೊಟ್ಟಿತು: ಹಳೆಯ ಬೋಯಿಂಗ್‌ಗೆ 420 ಕೋಟಿ ಡಾಲರ್, ಎಲಾನ್ ಮಸ್ಕ್‌ರ ಸ್ಪೇಸ್‌ಎಕ್ಸ್‌ಗೆ 260 ಕೋಟಿ. ಕಡಿಮೆ ತೊಗೊಂಡವರು 2020ರ ಮೇ 30ಕ್ಕೆ ಇಬ್ಬರನ್ನು ಮೇಲೆ ಕಳಿಸಿ ಸುರಕ್ಷಿತ ತಂದರು. ಹೆಚ್ಚು ತೊಗೊಂಡವರು 2024ರ ಜೂನ್‌ನಲ್ಲಿ ಸುನೀತಾ ವಿಲಿಯಮ್ಸ್ ಮತ್ತು ಬುಚ್ ವಿಲ್ಮೋರ್‌ರನ್ನು ಎಂಟು ದಿನಕ್ಕೆ ಅಂತ ಒಯ್ದರು. ವಾಹನ ಕೈಕೊಟ್ಟು, ಅವರು 286 ದಿನ ಮೇಲೆಯೇ ಇದ್ದು, ಕೊನೆಗೆ ಸ್ಪೇಸ್‌ಎಕ್ಸ್ ಗಾಡಿಯಲ್ಲಿ ಇಳಿದರು. ಟ್ರ್ಯಾಕ್ಟರ್ ಮಾಲಕರ ಮಾತಿನಲ್ಲಿ ಸತ್ಯ ಐತಿ, ಗಾಡಿ ಚೊಲೊ ಐತಿ. ಉಪಗ್ರಹಗಳನ್ನು ಕಕ್ಷೆಗೆ ಒಯ್ಯುವ ರಾಕೆಟ್ಟಿನ ತಳಭಾಗ ತಿರುಗಿ ಬಂದು ನೆಟ್ಟಗ ನಿಲ್ಲುವುದನ್ನು 2015ರ ಡಿಸೆಂಬರ್‌ನಲ್ಲಿ ಮೊದಲು ಸಾಧಿಸಿದವರೂ ಅವರೇ. ಅದರ ವಿಡಿಯೋ ತೋರಿಸಿದಾಗ ನನ್ನ ತರಗತಿ ಅರ್ಧ ತಾಸು ಪಾಠಕ್ಕೆ ಬರಲಿಲ್ಲ.

ಈಗ ನನ್ನ ಅನುಮಾನ ಎಲ್ಲಿಂದ ಹುಟ್ಟಿತು ಅಂತ ಹೇಳಬೇಕು. ಅದಕ್ಕೆ ಐವತ್ತು ವರ್ಷ ಹಿಂದಕ್ಕೆ, ತುಂಗಭದ್ರೆ ದಾಟಿ ರಾಯಚೂರು ಜಿಲ್ಲೆಯ ನನ್ನ ಅಜ್ಜಿಯ ಊರಿಗೆ ಹೋಗಬೇಕು.

1975ರಲ್ಲಿ ನನಗೆ ಹನ್ನೆರಡು ವರ್ಷ. ಆ ಊರ ಶಾಲೆಗೆ ಒಂದು ಟಿವಿ ಬಂದಿತ್ತು. ಶಾಲೆಯ ಮಾಳಿಗಿ ಮೇಲೆ ಕೋಳಿಗೂಡಿನ ಜಾಲರಿಯಂಥದರಿಂದ ಮಾಡಿದ, ಎರಡು ಆಳು ಕೈ ಚಾಚಿದಷ್ಟು ಅಗಲದ ಒಂದು ತಟ್ಟೆ. ಸಂಜಿ ಆದ್ರ ಇಡೀ ಊರೇ ಅಂಗಳದಾಗ. ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ, ನಾವು ಹುಡುಗರು ಮುಂದ ಮಣ್ಣಾಗ. ಜ್ವಾಳಕ್ಕೆ ಬರುವ ಕಾಡಿಗೆ ರೋಗದ ಮಾತು, ಕೂಸಿಗೆ ಸೂಜಿ ಹಾಕಿಸುವ ಮಾತು, ನಡುವೆ ಒಂದು ಹಾಡು. ಎಲ್ಲಾ ಕನ್ನಡದಾಗ. ಅದಕ್ಕೂ ಮೊದಲು ಆ ಊರಾಗ ಯಾರೂ ಸಿನಿಮಾ ಬಿಟ್ಟರೆ ಓಡಾಡುವ ಚಿತ್ರ ಕಂಡವರಲ್ಲ. ನಮ್ಮ ಅಜ್ಜಿ ಟಿವಿಯಲ್ಲಿನ ಡಾಕ್ಟರ್‌ಗೆ ತಿರುಗಿ ಉತ್ತರ ಕೊಡುತ್ತಿದ್ದಳು.

ಅದು ಸೈಟ್ ಎಂಬ ಪ್ರಯೋಗ. ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಉಪಗ್ರಹದಿಂದ ನೇರ ಪ್ರಸಾರ. ಕರ್ನಾಟಕದಲ್ಲಿ ರಾಯಚೂರು, ಗುಲ್ಬರ್ಗಾ, ಬಿಜಾಪುರ. ಆಂಧ್ರದ ಹಳ್ಳಿಗಳೂ ಇದ್ದವು. ಒಂದೇ ಚಿತ್ರಕ್ಕೆ ಎರಡು ಭಾಷೆಯ ದನಿ ಕಳಿಸುವ ಸೌಕರ್ಯ ಆ ಉಪಗ್ರಹದಲ್ಲಿತ್ತು, ಗಡಿಯವರಿಗೆ ಹೇಳಿ ಮಾಡಿಸಿದಂಗ. ಆದರೆ ಉಪಗ್ರಹ ನಮ್ಮದಲ್ಲ. ಏಟಿಎಸ್-6 ಅಂತ, ನಾಸಾದ್ದು. ಅದನ್ನು ಪೂರ್ವಕ್ಕೆ ಸರಿಸಿ, ಆಫ್ರಿಕಾದ ನೆತ್ತಿಯ ಮೇಲೆ ನಿಲ್ಲಿಸಿ, ಒಂದು ವರ್ಷಕ್ಕೆ ನಮಗೆ ಕೊಟ್ಟಿದ್ದರು. ದೊಡ್ಡ ಉಪಕಾರ, ಮರೆಯಬಾರದು. 1976ರ ಜುಲೈ 31ಕ್ಕೆ ವರ್ಷ ತುಂಬಿತು. ಉಪಗ್ರಹವನ್ನು ಮತ್ತೆ ಅಮೆರಿಕದ ಕಡೆ ಸರಿಸಿಕೊಂಡರು. ನಮ್ಮ ಅಜ್ಜಿಯ ಊರಾಗ ಟಿವಿ ಕಪ್ಪಾಯಿತು. ನಾಕು ದಿನ ಜನ ಹಂಗೇ ಬಂದು ಅಂಗಳದಾಗ ಕುಂತು ಹೋದರಂತೆ. ಕೆಟ್ಟೈತಿ, ರಿಪೇರಿಗೆ ಬರ್ತಾರ ಅಂತ. ಕೆಟ್ಟಿರಲಿಲ್ಲ, ಯಜಮಾನರು ಒಯ್ದಿದ್ದರು. ದೇಶಕ್ಕೆ ತನ್ನದೇ ಇನ್ಸಾಟ್ ಆಕಾಶದಲ್ಲಿ ನಿಂತು ಕೆಲಸ ಮಾಡಲಿಕ್ಕೆ 1983 ಆಯಿತು.

ಒಪ್ಪಂದದ ಪ್ರಕಾರವೇ ಒಯ್ದರು, ಮೋಸ ಇಲ್ಲ. ಎರಡು ಸರ್ಕಾರಗಳು ಕುಂತು ಬರೆದ ಕಾಗದ, ಮೊದಲೇ ಗೊತ್ತಿದ್ದ ತಾರೀಖು. ಈಗಿನದು ಹಾಗಲ್ಲ. 2025ರ ಜೂನ್ 5ರಂದು ಮಸ್ಕ್‌ಗೂ ಅಧ್ಯಕ್ಷ ಟ್ರಂಪ್‌ಗೂ ಎಲ್ಲರ ಎದುರು ಜಗಳ ಹತ್ತಿತು. ಸಿಟ್ಟಿನಲ್ಲಿ ಮಸ್ಕ್, ನಮ್ಮ ಡ್ರ್ಯಾಗನ್ ವಾಹನವನ್ನು ಸೇವೆಯಿಂದ ತೆಗೆಯಲು ಸುರು ಮಾಡುತ್ತೇವೆ ಅಂತ ಬರೆದರು. ಅಮೆರಿಕಕ್ಕೆ ಆಗ ತನ್ನ ನೆಲದಿಂದ ಜನರನ್ನು ನಿಲ್ದಾಣಕ್ಕೆ ಒಯ್ಯಲಿಕ್ಕೆ ಇದ್ದದ್ದು ಅದೊಂದೇ ಗಾಡಿ. ಕೆಲವು ತಾಸಿನಲ್ಲಿ ಮಾತು ಹಿಂದಕ್ಕೆ ತೊಗೊಂಡರು ಅನ್ನಿ. ನಮ್ಮ ಶುಕ್ಲಾ ಹೋಗಬೇಕಿದ್ದದ್ದೂ ಅದೇ ಡ್ರ್ಯಾಗನ್‌ನಲ್ಲಿ. ಆ ಸೀಟಿಗೂ ತರಬೇತಿಗೂ ನಮ್ಮ ಸರ್ಕಾರ ಕೊಟ್ಟದ್ದು ಸುಮಾರು 550 ಕೋಟಿ ರೂಪಾಯಿ ಅಂತ ಪತ್ರಿಕೆಗಳು ಬರೆದಿದ್ದವು.

ಉಕ್ರೇನ್ ಯುದ್ಧದ ಸಂಗತಿ ಇನ್ನೂ ಗಂಭೀರ. ಕ್ರೈಮಿಯಾ ಕಡೆ ದಾಳಿಗೆ ಸ್ಟಾರ್‌ಲಿಂಕ್ ಉಪಗ್ರಹಗಳ ಇಂಟರ್‌ನೆಟ್ ಹಚ್ಚಿಕೊಡಿ ಅಂತ ಕೇಳಿದಾಗ ತಾನು ಒಪ್ಪಲಿಲ್ಲ ಅಂತ 2023ರಲ್ಲಿ ಮಸ್ಕ್ ತಾವೇ ಹೇಳಿದರು. ಒಪ್ಪದೇ ಇದ್ದದ್ದು ಸರಿ ಇರಬಹುದು, ದಾಳಿ ನಿಂತು ಜೀವ ಉಳಿದಿರಲೂಬಹುದು. ನನ್ನ ತಕರಾರು ಅದಲ್ಲ. ಯುದ್ಧದಂಥ ವಿಷಯದಲ್ಲಿ ಹೂಂ, ಉಹೂಂ ಅನ್ನುವ ಅಧಿಕಾರ ಯಾರೂ ವೋಟು ಹಾಕದ ಒಬ್ಬ ವ್ಯಾಪಾರಿಗೆ ಬಂತಲ್ಲ, ಅದು. 1967ರ ಅಂತರಿಕ್ಷ ಒಪ್ಪಂದದಲ್ಲಿ ಖಾಸಗಿಯವರು ಮೇಲೆ ಏನು ಮಾಡಿದರೂ ಅದಕ್ಕೆ ಅವರವರ ದೇಶವೇ ಹೊಣೆ ಅಂತ ಐತಿ. ಹೊಣೆ ಸರ್ಕಾರದ್ದು, ಸ್ವಿಚ್ಚು ಸಾಹುಕಾರನದು.

ಹತ್ತಿ ಬೆಳೆಯುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆದವಾನಿ ಯಾರ್ಡಿನಾಗ ಹತ್ತು ಮಂದಿ ಖರೀದಿದಾರರಿದ್ದ ದಿನ ರೇಟು ಬ್ಯಾರೆ, ಒಬ್ಬನೇ ಬಂದ ದಿನ ರೇಟು ಬ್ಯಾರೆ. ಆ ಒಬ್ಬ ಎಷ್ಟು ಒಳ್ಳೆಯವನಿದ್ದರೂ ಅಷ್ಟೇ. ಖಾಸಗಿಯವರು ಬರಲಿ, ಲಾಭ ಮಾಡಲಿ, ನನಗೆ ಬೇಸರ ಇಲ್ಲ. ಒಬ್ಬನೇ ಉಳಿದು, ಕೆಲಸ ಬಲ್ಲ ಸರ್ಕಾರಿ ಜನ ಇಲ್ಲದಂಗಾದ್ರ ಕಷ್ಟ.

ಶುಕ್ಲಾ ಅವರ ಪ್ರಯಾಣದಲ್ಲೇ ಇದಕ್ಕೊಂದು ಉದಾಹರಣೆ ಸಿಕ್ಕಿತು. ಹೊರಡುವ ಮುಂಚೆ ಫಾಲ್ಕನ್ ರಾಕೆಟ್ಟಿನಲ್ಲಿ ದ್ರವ ಆಮ್ಲಜನಕ ಸೋರುವುದು ಗೊತ್ತಾಯಿತು. ಅಲ್ಲಿದ್ದ ಇಸ್ರೊ ತಂಡ, ಪೂರ್ತಿ ರಿಪೇರಿ ಆಗದೆ ಹೊರಡುವುದು ಬೇಡ ಅಂತ ಪಟ್ಟು ಹಿಡಿಯಿತು ಅಂತ ಅಧ್ಯಕ್ಷ ವಿ. ನಾರಾಯಣನ್ ಆಮೇಲೆ ಹೇಳಿದರು. ಜೂನ್ 11ಕ್ಕೆ ಇದ್ದದ್ದು ಮುಂದಕ್ಕೆ ಹೋಗಿ, ಜೂನ್ 25ಕ್ಕೆ ಹಾರಿತು. ಬರೀ ಟಿಕೆಟ್ ಕೊಂಡ ಗಿರಾಕಿಯಾಗಿದ್ದರೆ ನಾವು ಸೋರಿಕೆ ಅಂದ್ರ ಏನು ಅಂತ ಕೇಳುತ್ತಾ ಕೂಡುತ್ತಿದ್ದೆವು. ನಲವತ್ತೈವತ್ತು ವರ್ಷ ನಾವೇ ರಾಕೆಟ್ ಕಟ್ಟಿ, ಸಮುದ್ರಕ್ಕೆ ಬೀಳಿಸಿ, ಮತ್ತೆ ಕಟ್ಟಿದ್ದಕ್ಕೆ ನಮ್ಮವರಿಗೆ ಎಲ್ಲಿ ಕೈ ಇಟ್ಟು ಕೇಳಬೇಕು ಅಂತ ಗೊತ್ತಿತ್ತು.

ಖಾಸಗಿ ರಾಕೆಟ್ಟು ಈಗ ನಮ್ಮ ರಾಜ್ಯದಿಂದಲೂ ಹಾರೈತಿ. ಹೈದರಾಬಾದಿನ ಸ್ಕೈರೂಟ್ ಕಂಪನಿಯ ವಿಕ್ರಮ್-ಎಸ್, 2022ರ ನವೆಂಬರ್ 18ಕ್ಕೆ ಶ್ರೀಹರಿಕೋಟಾದಿಂದ 89.5 ಕಿಲೋಮೀಟರ್ ಎತ್ತರಕ್ಕೆ ಹೋಗಿ ಬಂತು. ಕಂಪನಿ ಕಟ್ಟಿದವರು ಇಸ್ರೊದಲ್ಲಿ ಕೆಲಸ ಕಲಿತವರು. ನೆಲ ಸರ್ಕಾರದ್ದು, ಒಂದು ಕಾಲಕ್ಕೆ ಯಾನಾದಿ ಜನ ಬಾಳಿದ ದ್ವೀಪ.

ಮೊನ್ನೆ ನನ್ನ ಹಳೆಯ ವಿದ್ಯಾರ್ಥಿನಿ, ಈಗ ಕರ್ನೂಲಿನಾಗ ಇಂಜಿನಿಯರಿಂಗ್ ಓದುವಾಕಿ, ವಾಚನಾಲಯಕ್ಕೆ ಬಂದಿದ್ದಳು. "ಸರ್, ಇಸ್ರೊ ಪರೀಕ್ಷೆ ಬರೀಲೋ, ಇಂಥ ಕಂಪನಿಗೆ ಹೋಗ್ಲೋ?" ಅಂದಳು. ಮೊದಲು ಎಲ್ಲಿ ಕೆಲಸ ಚೊಲೊ ಕಲಿಸ್ತಾರೋ ಅಲ್ಲಿಗೆ ಹೋಗವ್ವ ಅಂದೆ. "ಆಮೇಲೆ?" ಅಂದಳು. ಅಷ್ಟರಾಗ ಕಿರಾಣಿ ಅಂಗಡಿಯ ಹುಡುಗ ಬಾಗಿಲಾಗಿಂದ, "ಆಮೇಲೆ ನಮ್ಮೂರಿಗೊಂದು ಉಪಗ್ರಹ ಬಿಡವ್ವ, ವಾಪಸು ಒಯ್ಯದಂಥಾದ್ದು" ಅಂತ ಕೂಗಿದ.