ಕಾಂಬುಕೆ ಹೋಪ್ದ್

ಪ್ರವಾಸ ಎಂಬ ಶಬ್ದ ನಾವು ಕಲಿತದ್ದು ಶಾಲೆಯ ಪುಸ್ತಕದಲ್ಲಿ. ಮನೆಯಲ್ಲಿ ಆ ಶಬ್ದ ಇರಲಿಲ್ಲ. ಮನೆಯಲ್ಲಿ ಇದ್ದದ್ದು ಹೋಪ್ದು, ಬಪ್ಪುದು ಅಷ್ಟೇ. ಗದ್ದೆಗೆ ಹೋಪ್ದು, ಹೆಂಚಿನ ಕಾರ್ಖಾನೆಗೆ ಹೋಪ್ದು, ಆಸ್ಪತ್ರೆಗೆ ಹೋಪ್ದು, ಹೊಟೇಲ್ ಕೆಲಸಕ್ಕೆ ಬೊಂಬಾಯಿಗೆ ಹೋಪ್ದು. ಯಾವ ದಾರಿಯ ತುದಿಯಲ್ಲೂ ಒಂದು ಕೆಲಸ ಕಾದು ಕೂತಿರುತ್ತಿತ್ತು. ಜಾತ್ರೆಗೆ ಹೋದರೂ ಚಪ್ಪರಕ್ಕೆ ಮಡಲು ಹೊರುವುದು, ಉಂಡ ಎಲೆ ಎತ್ತುವುದು ನಮ್ಮ ಪಾಲಿಗೆ. ಸುಮ್ಮನೆ, ಬರೇ ಕಾಂಬುಕೆ ಅಂತ ನಮ್ಮ ಪೈಕಿ ಯಾರೂ ಊರು ಬಿಟ್ಟವರಲ್ಲ. ಶಾಲೆಯಿಂದ ಬೇಲೂರು ಹಳೇಬೀಡಿಗೆ ಬಸ್ಸು ಹೊರಟಾಗ ದುಡ್ಡು ಕಟ್ಟಲಾರದೆ ಹಿಂದೆ ಉಳಿದು ಬಾವಿಕಟ್ಟೆಯ ಮೇಲೆ ಕೂತವರು ನಾವು.

ಇದಕ್ಕೆ ಬರೇ ಬಡತನ ಕಾರಣ ಅಲ್ಲ. ನಮ್ಮ ಮುತ್ತಜ್ಜ ಮೂಲದಾಳು. ಆಗಿನ ದಕ್ಷಿಣ ಕನ್ನಡದಲ್ಲಿ ಮೂಲದಾಳು ಎಂದರೆ ಗದ್ದೆಯ ಜೊತೆ ಸೇರಿಕೊಂಡ ಆಳು. ಪಕ್ಕದೂರಿನ ನೆಂಟರ ಮನೆಗೆ ಹೋಗುವುದಕ್ಕೂ ಒಡೆಯರ ಬಾಯಿಂದ 'ಹೋಯಿ ಬಾ' ಬರಬೇಕು. ಜೀತ ಪದ್ಧತಿಯನ್ನು ರದ್ದು ಮಾಡಿದ ಕೇಂದ್ರದ ಕಾನೂನು ಬಂದದ್ದು 1976ರಲ್ಲಿ. ನಡೆದಾಡುವುದೇ ಅಪ್ಪಣೆಯ ಮೇಲೆ ನಿಂತಿದ್ದ ಮನೆಯಲ್ಲಿ ಪ್ರವಾಸ ಎಂಬ ಶಬ್ದ ಎಲ್ಲಿಂದ ಹುಟ್ಟಬೇಕು?

ಹಾಗೆ ನೋಡಿದರೆ ನಮ್ಮ ಬಸ್ರೂರು ಪ್ರಯಾಣಿಕರ ಊರೇ. ವಾರಾಹಿ ಹೊಳೆಯ ದಂಡೆಯ ಈ ಬಂದರಿಗೆ ಅರಬರ ಹಡಗು ಬಂತು, ಪೋರ್ಚುಗೀಸರ ಹಡಗು ಬಂತು. ಅವರು ಇದನ್ನು ಬಾರ್ಸೆಲೋರ್ ಎಂದು ಬರೆದುಕೊಂಡರು. 1665ರಲ್ಲಿ ಶಿವಾಜಿ ಸಮುದ್ರದ ಮೇಲಿಂದಲೇ ಬಂದು ದಾಳಿ ಮಾಡಿದ. ಈ ಬಂದರಿನ ಅಕ್ಕಿ ಗೋವೆಯ ಪೋರ್ಚುಗೀಸರ ಹೊಟ್ಟೆ ತುಂಬಿಸುತ್ತಿತ್ತು ಎಂದು ಚರಿತ್ರೆಯ ಪುಸ್ತಕಗಳು ಹೇಳುತ್ತವೆ. ಅಕ್ಕಿ ಗೋವೆ ಕಂಡಿತು. ಆ ಅಕ್ಕಿಯನ್ನು ನೆಟ್ಟು, ಕೊಯ್ದು, ಮೂಟೆ ಹೊತ್ತವರು ಗದ್ದೆಯಲ್ಲೇ ಉಳಿದರು.

ನಮ್ಮ ಮನೆಯಲ್ಲಿ ಮೊದಲು ಊರು ದಾಟಿದವರು ಅಜ್ಜ. ಬಸ್ಸಿನಲ್ಲಿ ಘಟ್ಟ ಹತ್ತಿ ಬೊಂಬಾಯಿಗೆ ಹೋಗಿ ಹೊಟೇಲಿನಲ್ಲಿ ತಟ್ಟೆ ತೊಳೆದರು. ಆಗ ಕುಂದಾಪ್ರಕ್ಕೆ ರೈಲು ಇಲ್ಲ. ಮಂಗಳೂರು ಉಡುಪಿ ನಡುವೆ ಕೊಂಕಣ ರೈಲ್ವೆಯ ಮೊದಲ ಪ್ಯಾಸೆಂಜರ್ ಗಾಡಿ ಓಡಿದ್ದು 1993ರ ಮಾರ್ಚಿನಲ್ಲಿ. ರೋಹಾದಿಂದ ಮಂಗಳೂರಿನವರೆಗೆ ದಾರಿ ಪೂರ್ತಿ ಆದದ್ದು 1998ರಲ್ಲಿ. 90ಕ್ಕೂ ಹೆಚ್ಚು ಸುರಂಗ, ಸುಮಾರು 2,000 ಸೇತುವೆ. ಈ ಹಳಿಗಾಗಿ ಹಟ ಹಿಡಿದವರಲ್ಲಿ ಇಬ್ಬರು ಸಮಾಜವಾದಿಗಳು: ಮಧು ದಂಡವತೆ ಮತ್ತು ಮಂಗಳೂರಿನಲ್ಲಿ ಹುಟ್ಟಿದ ಜಾರ್ಜ್ ಫರ್ನಾಂಡಿಸ್. ಬೆಟ್ಟ ಕೊರೆಯುವಾಗ ಜೀವ ತೆತ್ತ ಕೂಲಿಗಳ ನೆನಪಿಗೆ ರತ್ನಾಗಿರಿಯಲ್ಲಿ ಸ್ಮಾರಕ ಇದೆ. ರೈಲಿನ ವೇಗದ ಬಗ್ಗೆ ಮಾತಾಡುವ ಮೊದಲು ಆ ಕೂಲಿಗಳ ಹೆಸರಿನಲ್ಲಿ ಒಂದು ಗಳಿಗೆ ಸುಮ್ಮನಿರಬೇಕು.

ಕುಂದಾಪ್ರದ ಸ್ಟೇಷನ್ನು ಪೇಟೆಯಲ್ಲಿಲ್ಲ, ಮೂಡ್ಲಕಟ್ಟೆಯಲ್ಲಿದೆ. ನಮಗೆ ಹತ್ತಿರ. ಮತ್ಸ್ಯಗಂಧ ಗಾಡಿ ಬಂದ ಮೇಲೆ ನಮ್ಮ ಕಾಲೊನಿಯ ಹುಡುಗರು ಅದರ ಜನರಲ್ ಬೋಗಿಯಲ್ಲಿ ನಿಂತು, ಬಾಗಿಲಲ್ಲಿ ಕೂತು, ಕಕ್ಕಸಿನ ಪಕ್ಕ ಮಲಗಿ ಬೊಂಬಾಯಿ ಸೇರಿದರು. ಡಿಗ್ರಿ ಮಾಡಿದ ನಮಗೆ ಕಾಲೊನಿಯವರು ಕೊಟ್ಟ ಮೊದಲ ಉದ್ಯೋಗ ಇವರಿಗೆಲ್ಲ ಟಿಕೇಟು ತೆಗೆದುಕೊಡುವುದು. ಕಾಲೇಜಿನ ಇಂಗ್ಲಿಷು ಮೊದಲು ಉಪಯೋಗಕ್ಕೆ ಬಂದದ್ದು ಅಲ್ಲಿಯೇ. ಎಸಿ ಇಲ್ಲದ ಬೋಗಿಯ ತತ್ಕಾಲ್ ಬೆಳಿಗ್ಗೆ 11 ಗಂಟೆಗೆ ತೆರೆಯುತ್ತದೆ. ಹೆಸರು, ಪ್ರಾಯ ಹೊಡೆದು, ವಕ್ರ ಅಕ್ಷರ ಓದಿ, ಫೋನಿಗೆ ಬಂದ ಅಂಕೆ ತುಂಬಿಸಿ, ದುಡ್ಡು ಕಟ್ಟುವಷ್ಟರಲ್ಲಿ ಸೀಟು ಖಾಲಿ. 2025ರ ಜುಲೈಯಿಂದ ತತ್ಕಾಲಿಗೆ ಆಧಾರ್ ಜೋಡಿಸಿದ ಖಾತೆಯೇ ಬೇಕು. ಮಾಮೂಲಿ ಟಿಕೇಟು 60 ದಿನ ಮೊದಲೇ ತೆಗೆಯಬಹುದು, ನಿಜ. ಆದರೆ ಹೊಟೇಲಿನ ಹುಡುಗನಿಗೆ ರಜೆ ಸಿಕ್ಕುವುದು ಹಿಂದಿನ ದಿನ ರಾತ್ರಿ. 60 ದಿನದ ಆಚೆಗಿನ ತನ್ನ ಬದುಕು ಗೊತ್ತಿರುವವನು ಕೂಲಿಯವನಲ್ಲ.

ಆ ಅರ್ಜಿಯಲ್ಲಿ ನಮಗೆ ಹಿಡಿಸಿದ್ದು ಒಂದಿದೆ. ಅಲ್ಲಿ ಜಾತಿಯ ಕಾಲಂ ಇಲ್ಲ. ಟಿ.ಸಿ.ಯಲ್ಲಿ, ಸ್ಕಾಲರ್‌ಶಿಪ್ಪಿನಲ್ಲಿ, ಹಾಸ್ಟೆಲಿನಲ್ಲಿ ಎಲ್ಲೆಲ್ಲೂ ಬರೆದು ಬರೆದು ಸವೆದ ಕೈ ಅಲ್ಲಿ ಒಂದು ಕ್ಷಣ ಹಗುರಾಗುತ್ತದೆ. ಇನ್ನೊಂದು ವಿಷಯ ನೋಡಿ. ರೈಲಿನ ಸೀಟಿಗೂ ರಿಸರ್ವೇಶನ್ ಅಂತಲೇ ಹೆಸರು. ಕಾಲೇಜಿನಲ್ಲಿ ನಮ್ಮ ರಿಸರ್ವೇಶನ್ ಕಂಡು ಮೂಗು ಮುರಿದವರು ರೈಲಿನ ರಿಸರ್ವೇಶನ್ ಸಿಕ್ಕಿತೆಂದು ದೇವರಿಗೆ ಕಾಯಿ ಒಡೆಯುತ್ತಾರೆ. ವಂದೇ ಭಾರತ್ ಗಾಡಿಯಲ್ಲಂತೂ ನೂರಕ್ಕೆ ನೂರು ರಿಸರ್ವೇಶನ್. ಅಲ್ಲಿ ಪ್ರತಿಭೆಯ ಮಾತು ಎತ್ತಿದವರನ್ನು ನಾವು ಕಾಣಲಿಲ್ಲ.

ಆ ಗಾಡಿಯಲ್ಲೇ ಹೋಗಬೇಕು ಎಂದು ನಾವು ಮೂವರು ನಿಶ್ಚಯ ಮಾಡಿದೆವು. ಮೂವರೂ ಮನೆಗೆ ಮೊದಲ ಪದವೀಧರರು. ಮಂಗಳೂರಿನಿಂದ ಮಡಗಾಂವಿಗೆ ಓಡುವ ವಂದೇ ಭಾರತ್ ಶುರುವಾದದ್ದು 2023ರ ಡಿಸೆಂಬರ್ 30ರಂದು. ಸುಮಾರು 320 ಕಿಲೋಮೀಟರ್ ದಾರಿ. ಶುರುವಾದಾಗ ನಡುವೆ ಎರಡೇ ನಿಲುಗಡೆ ಕೊಟ್ಟಿದ್ದರು: ಉಡುಪಿ ಮತ್ತು ಕಾರವಾರ. ಕುಂದಾಪ್ರ ಇಲ್ಲ.

ಟಿಕೇಟು ಆದ ದಿನ ಅಮ್ಮ ಕೇಳಿದಳು, "ಎಲ್ಲಿಗೆ ಮಗಾ?"

"ಗೋವಾಕ್ಕೆ."

"ಅಲ್ಲ್ ಎಂತ ಕೆಲ್ಸ ಸಿಕ್ತ್?"

"ಕೆಲ್ಸ ಎಂತದೂ ಇಲ್ಲ ಅಮ್ಮಾ. ಕಾಂಬುಕೆ ಹೋಪ್ದ್."

ಒಬ್ಬರ ಟಿಕೇಟಿಗೆ ಗೇರುಬೀಜದ ಕಾರ್ಖಾನೆಯಲ್ಲಿ ಅವಳ ಎರಡು ದಿನದ ಸಂಬಳ. ಅವಳು ಬೈಯಲಿಲ್ಲ. ಬೀಜದ ಎಣ್ಣೆಗೆ ಕಪ್ಪಾದ ಬೆರಳುಗಳನ್ನು ನೋಡಿಕೊಳ್ಳುತ್ತಾ, "ಕಂಡ್ಕಂಡ್ ಬಾ. ಬಂದ್ ನಂಗೂ ಹೇಳ್" ಅಂದಳು. ಅಷ್ಟು ದುಡ್ಡು ಸುಮ್ಮನೆ ಸುಡುವುದು ಸರಿಯೇ ಎಂದು ಗೆಳೆಯರು ಕೇಳಬಹುದು. ನಾವು ಕೇಳುವುದು ಬೇರೆ. ಮೂರು ತಲೆಮಾರು ದುಡಿದ ಮನೆಯ ಮಗ ಒಂದು ದಿನ ಸುಮ್ಮನೆ ಕಿಟಕಿಯ ಪಕ್ಕ ಕೂತರೆ ಅದನ್ನೇಕೆ ದುಂದು ಎನ್ನಬೇಕು? ಉಳ್ಳವರು ಕೂತರೆ ಅದನ್ನು ಪ್ರವಾಸ ಎನ್ನುತ್ತೀರಲ್ಲ?

ಬಡಗಿನ ಗೋವೆಗೆ ಹೋಗಬೇಕಾದ ನಾವು ಮೊದಲು ಬಸ್ಸು ಹಿಡಿದು ತೆಂಕಿನ ಉಡುಪಿಗೆ ಹೋದೆವು. ಗಾಡಿ ಬಂತು. ಬಾಗಿಲು ತಾನೇ ತೆರೆಯಿತು, ತಾನೇ ಮುಚ್ಚಿತು. ಒಳಗೆ ತಂಪು. ಕಿಟಕಿಯ ಗಾಜು ತೆರೆಯುವುದಿಲ್ಲ. ಅರ್ಧ ಗಂಟೆ ಆಗಿತ್ತೋ ಇಲ್ಲವೋ, ನಮ್ಮ ಕುಂದಾಪ್ರದ ಸ್ಟೇಷನ್ನು ಬಂತು, ಹೋಯಿತು. ಹಳದಿ ಹಲಗೆಯ ಮೇಲಿನ ಊರಿನ ಹೆಸರು ಪೂರ್ತಿ ಓದಲು ಪುರುಸೊತ್ತು ಸಿಗಲಿಲ್ಲ. ಹೊಳೆ, ತೆಂಗು, ಗದ್ದೆ, ಮುಗಿಯಿತು. ಮುತ್ತಜ್ಜ ಆಯುಷ್ಯ ಕಳೆದ ನೆಲ ಅದೇ ಬದಿಯಲ್ಲಿ, ಕೂಗಳತೆಯಲ್ಲಿ ಇದೆ.

ಈ ಗಾಡಿ ಗಂಟೆಗೆ 160 ಕಿಲೋಮೀಟರ್ ಓಡಬಲ್ಲದು. ನಮ್ಮ ಕರಾವಳಿಯಲ್ಲಿ ಅಷ್ಟು ಓಡುವುದಿಲ್ಲ. ತಿರುವು ಹೆಚ್ಚು, ಬೆಟ್ಟ ಹೆಚ್ಚು. ಮಳೆಗಾಲದಲ್ಲಿ ಮಣ್ಣು ಜರಿಯುವ ಭಯಕ್ಕೆ ಬೇರೆಯೇ ವೇಳಾಪಟ್ಟಿ. ಎಲ್ಲಕ್ಕಿಂತ ದೊಡ್ಡದು, ಇಲ್ಲಿ ಇರುವುದು ಒಂದೇ ಹಳಿ. ಒಂದು ಗಾಡಿ ಮುಂದೆ ಹೋಗಬೇಕಾದರೆ ಇನ್ನೊಂದು ಸ್ಟೇಷನ್ನಿನ ಪಕ್ಕದ ಹಳಿಗೆ ಸರಿದು ನಿಲ್ಲಬೇಕು. ಇದಕ್ಕೆ ಕ್ರಾಸಿಂಗ್ ಎನ್ನುತ್ತಾರೆ. ಯಾರು ನಿಲ್ಲಬೇಕು, ಯಾರು ಹೋಗಬೇಕು ಎಂಬುದಕ್ಕೆ ಮೇಲು ಕೆಳಗಿನ ಲೆಕ್ಕ ಇದೆ. ದುಬಾರಿ ಗಾಡಿ ಹೋಗುತ್ತದೆ, ಪ್ಯಾಸೆಂಜರ್ ನಿಲ್ಲುತ್ತದೆ.

ಅಂಥದೊಂದು ಸಣ್ಣ ಸ್ಟೇಷನ್ನಿನಲ್ಲಿ ನಿಂತ ಪ್ಯಾಸೆಂಜರನ್ನು ನಾವು ಗಾಜಿನ ಒಳಗಿಂದ ಕಂಡೆವು. ಮೀನಿನ ಬುಟ್ಟಿಯ ಹೆಂಗಸರು ಬಾಗಿಲಲ್ಲಿ ಕೂತಿದ್ದರು. ಹುಡುಗರು ಕೆಳಗಿಳಿದು ಕಲ್ಲಿನ ಮೇಲೆ ನಿಂತಿದ್ದರು. ಎಷ್ಟೋ ಸಲ ನಾವು ಅಲ್ಲೇ ನಿಂತಿದ್ದೆವು. ನಿಂತಾಗ ನಮಗೆ ಕಂಡದ್ದು ಗಾಳಿ ಸೀಳಿಕೊಂಡು ಹೋಗುವ ಗಾಡಿ ಮಾತ್ರ. ಒಳಗೆ ಕೂತ ಮೇಲೆ ಲೆಕ್ಕ ಪೂರ್ತಿ ಆಯಿತು. ಒಂದೇ ಹಳಿಯ ದೇಶದಲ್ಲಿ ಒಬ್ಬನಿಗೆ ಉಳಿದ ಅರ್ಧ ಗಂಟೆ ಇನ್ನೊಬ್ಬ ಕಾದ ಅರ್ಧ ಗಂಟೆ.

ಎದುರಿನ ಸೀಟಿನ ಹಿರಿಯರೊಬ್ಬರು ಮಾತಿಗೆ ಸಿಕ್ಕಿದರು. ಯಾವ ಊರು? ಬಸ್ರೂರು. ಹೋಯ್, ನಮ್ಮ ಬದಿಯೇ! ಎಂತ ಓದಿದ್ದು? ಎಂ.ಎ. ಸಂತೋಷ. ಆಮೇಲೆ ಕರಾವಳಿಯ ಆ ಕೊನೆಯ ಪ್ರಶ್ನೆ: "ನೀವು ಎಂತ ಜನ?" ನಾವು ಹೇಳಿದೆವು, ತಗ್ಗಿಸಿದ ದನಿಯಲ್ಲಲ್ಲ. ಅವರು ಪೇಪರು ಬಿಡಿಸಿಕೊಂಡರು.

ಬಾಬಾಸಾಹೇಬರು ತಮ್ಮ ಆತ್ಮಕಥನದ ತುಣುಕಿನಲ್ಲಿ ಬರೆದ 1901ರ ಪ್ರಯಾಣ ನಮ್ಮ ಓದುಗರಿಗೆ ಗೊತ್ತು. ಬೇಸಿಗೆ ರಜೆಗೆ ತಂದೆಯ ಬಳಿಗೆ ಹೊರಟ ಹುಡುಗ ಭೀಮ, ಜೊತೆಗೆ ಮನೆಯ ಮಕ್ಕಳು. ಹೊಸ ಬಟ್ಟೆ, ಕೈಯಲ್ಲಿ ಟಿಕೇಟು. ಅವಮಾನ ಶುರುವಾದದ್ದು ಮಸೂರ್ ಸ್ಟೇಷನ್ನಿನಲ್ಲಿ ಇಳಿದ ಮೇಲೆ. ಮಹಾರರ ಮಕ್ಕಳು ಎಂದು ತಿಳಿದದ್ದೇ ಸ್ಟೇಷನ್ ಮಾಸ್ತರರ ಮುಖ ಬದಲಾಯಿತು. ಗಾಡಿಯವರು ಯಾರೂ ಹತ್ತಿಸಿಕೊಳ್ಳಲಿಲ್ಲ. ಕೊನೆಗೆ ದುಪ್ಪಟ್ಟು ಬಾಡಿಗೆಗೆ ಒಬ್ಬ ಒಪ್ಪಿದ, ಎತ್ತು ಹೊಡೆಯಬೇಕಾದವರು ಮಕ್ಕಳೇ, ಅವನು ಪಕ್ಕದಲ್ಲಿ ನಡೆದು ಬಂದ. ಮಕ್ಕಳು ಹೊರಟದ್ದು ರಜೆಗೆ. ಊರು ಅವರಿಗೆ ಕೊಟ್ಟದ್ದು ಜಾತಿ. ನಮ್ಮ ಎದುರಿನ ಹಿರಿಯರು ಪೇಪರು ಬಿಡಿಸಿದರು, ಅಷ್ಟೇ. ನಮ್ಮನ್ನು ಸೀಟಿನಿಂದ ಏಳಿಸಲು ಅವರಿಂದ ಆಗಲಿಲ್ಲ. 1901ರಿಂದ ಇಲ್ಲಿಯವರೆಗೆ ನಾವು ಬಂದ ದೂರ ಇಷ್ಟು. ಉಳಿದ ದೂರವೂ ಕಾಣುತ್ತಿದೆ.

ಆ ಗಾಡಿಯಲ್ಲಿ ನಾವು ಮನಸಾರೆ ಮೆಚ್ಚಿದ್ದು ವೇಗವನ್ನಲ್ಲ, ಕಕ್ಕಸನ್ನು. ನಗಬೇಡಿ. ಹಳೆಯ ಬೋಗಿಗಳಲ್ಲಿ ಹೊಲಸು ನೇರ ಹಳಿಗೆ ಬೀಳುತ್ತಿತ್ತು. ಸ್ಟೇಷನ್ನುಗಳ ಹಳಿಯ ಮೇಲೆ ಪೊರಕೆ ಹಿಡಿದು ಬಗ್ಗಿದವರು ಯಾವ ಜಾತಿಯವರು ಎಂದು ಹೇಳಬೇಕೆ? ಮಲ ಹೊರುವ ಕೆಲಸವನ್ನು ನಿಷೇಧಿಸುವ ಕಾನೂನು 2013ರಲ್ಲಿ ಮತ್ತೆ ಬಿಗಿಯಾಗಿ ಬಂತು. ಆಮೇಲಿನ ವರ್ಷಗಳಲ್ಲಿ ಬೋಗಿಗಳಿಗೆ ಜೈವಿಕ ಶೌಚಾಲಯ ಕೂಡಿಸಿದರು. ಹೊಸ ಗಾಡಿಯಲ್ಲಿ ಎಲ್ಲವೂ ಒಳಗೇ ತೊಟ್ಟಿಗೆ ಎಳೆದುಕೊಂಡು ಹೋಗುತ್ತದೆ. ಒಂದು ಸೊಂಟ ಹಳಿಯ ಮೇಲೆ ಬಗ್ಗದ ಹಾಗೆ ಮಾಡಿದ ಯಂತ್ರಕ್ಕೆ ನಾವು ಕೈ ಮುಗಿಯುತ್ತೇವೆ. ದೇಶ ಮುಂದೆ ಹೋಯಿತು ಎನ್ನಲು ನಮಗೆ ಬೇಕಾದ ಗುರುತು ಇಂಥದು.

ಮಡಗಾಂವಿನಲ್ಲಿ ಇಳಿದು ನಡೆದೆವು. ರಸ್ತೆ ಅಗೆಯುತ್ತಿದ್ದ ಗುಂಪಿನಿಂದ ಕನ್ನಡ ಕೇಳಿತು, ಬಡಗಣ ಸೀಮೆಯ ಕನ್ನಡ. ನಿಂತು ಮಾತಾಡಿಸಿದೆವು.

"ನೀವೆಲ್ಲಿ ಕೆಲಸಕ್ಕ ಬಂದೀರಿ?"

"ಕೆಲಸಕ್ಕಲ್ಲ. ನೋಡಲಿಕ್ಕೆ ಬಂದೆವು."

"ಸುಮ್ನ ನೋಡಾಕ?" ಆತ ಗುದ್ದಲಿ ಊರಿ ನಕ್ಕ. "ಹತ್ತ ವರ್ಸಾತು ನಾ ಇಲ್ಲಿ ಬಂದು. ಸಮುದ್ರ ಒಮ್ಮೆ ನೋಡೀನಿ, ಅದೂ ಮಳ್ಳ ತರಾಕ ಹೋದಾಗ."

ಅಂದು ಸಂಜೆ ಕೋಲ್ವಾದ ದಂಡೆಯಲ್ಲಿ ನಾವು ಸಮುದ್ರ ಕಂಡೆವು. ನಮ್ಮ ಕರಾವಳಿಯದ್ದೇ ಸಮುದ್ರ. ಆದರೆ ಆತನ ಮಾತು ಕಿವಿಯಲ್ಲಿತ್ತು.

ಗೆಳೆಯರೇ, ವೇಗದ ರೈಲು ಬೇಡ ಎಂದು ನಾವು ಹೇಳುತ್ತಿಲ್ಲ. ಎತ್ತಿನ ಗಾಡಿಯ ಕಾಲ ಚೆನ್ನಾಗಿತ್ತು ಎನ್ನುವವರಿಗೆ ಮಸೂರ್ ನೆನಪಿಸಬೇಕು. ನಮ್ಮ ಪ್ರಶ್ನೆ ಒಂದೇ. ವಂದೇ ಭಾರತಿನಲ್ಲಿ ಜನರಲ್ ಬೋಗಿ ಯಾಕಿಲ್ಲ? ಇಟ್ಟರೆ ಓಡುವುದಿಲ್ಲವೇ? ಜಪಾನಿನಲ್ಲಿ 1964ರ ಅಕ್ಟೋಬರ್ 1ರಂದು ಟೋಕಿಯೊ ಒಸಾಕಾ ನಡುವೆ ಲೋಕದ ಮೊದಲ ವೇಗದ ರೈಲು ಹೊರಟಿತು. ಆ ಶಿಂಕಾನ್‌ಸೆನ್‌ನ ಹಲವು ಗಾಡಿಗಳಲ್ಲಿ ಸೀಟು ಕಾದಿರಿಸದೆಯೇ ಹತ್ತಬಹುದಾದ ಬೋಗಿಗಳಿವೆ. ದೂರ ಯಾಕೆ, ನಮ್ಮಲ್ಲೇ ನೋಡಿ. ಮಂಗಳೂರು ಮಡಗಾಂವ್ ಗಾಡಿಗೆ ಹಸಿರು ಬಾವುಟ ಬಿದ್ದ ದಿನವೇ ಅಮೃತ್ ಭಾರತ್ ಎಂಬ ಗಾಡಿಗಳಿಗೂ ಬಿತ್ತು. ಅದರಲ್ಲೊಂದು ಬಂಗಾಳದ ಮಾಲ್ಡಾದಿಂದ ಬೆಂಗಳೂರಿಗೆ ಬರುತ್ತದೆ. ಎಸಿ ಇಲ್ಲ, ಜನರಲ್ ಬೋಗಿ ಇದೆ, 130ರ ವೇಗದಲ್ಲಿ ಓಡಬಲ್ಲದು. ಮನಸ್ಸು ಮಾಡಿದರೆ ಆಗುತ್ತದೆ ಎಂದಾಯಿತು. 1974ರಲ್ಲಿ ಮೂರನೇ ದರ್ಜೆ ಎಂಬ ಹೆಸರು ಹೋಯಿತು. 1977ರಲ್ಲಿ ರೈಲು ಮಂತ್ರಿಯಾದ ದಂಡವತೆ ಎರಡನೇ ದರ್ಜೆಯ ಮರದ ಹಲಗೆಗೆ ಮೆತ್ತೆ ಹಾಕಿಸಿದರು. ಆ ಮೆತ್ತೆಯಿಂದ ಗಾಡಿಯ ವೇಗ ಹೆಚ್ಚಲಿಲ್ಲ. ಕೋಟ್ಯಂತರ ಬೆನ್ನುಗಳಿಗೆ ಸುಖ ಸಿಕ್ಕಿತು.

ಹಳ್ಳಿಯ ಮೇಷ್ಟ್ರುಗಳಿಗೆ ಒಂದು ಮಾತು. ಈ ವರ್ಷ ಪ್ರವಾಸದ ಪಟ್ಟಿ ಬರೆಯುವಾಗ ದುಡ್ಡು ಕಟ್ಟದ ಮಕ್ಕಳ ಹೆಸರನ್ನೂ ಬರೆಯಿರಿ. ಪ್ಯಾಸೆಂಜರ್ ಗಾಡಿಯ ಟಿಕೇಟು ದುಬಾರಿಯಲ್ಲ. ಕುಂದಾಪ್ರದಿಂದ ಬೈಂದೂರಿನ ತನಕವಾದರೂ ಕರೆದುಕೊಂಡು ಹೋಗಿ. ಕಿಟಕಿಯ ಪಕ್ಕ ಕೂರಿಸಿ. ಏನೂ ಪಾಠ ಮಾಡಬೇಡಿ, ಕಾಣಲಿ. ನಡುವೆ ಕ್ರಾಸಿಂಗಿಗೆ ಗಾಡಿ ನಿಂತಾಗ, ಯಾಕೆ ನಿಂತಿತು ಎಂದು ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ನಿಜ ಹೇಳಿ.

ವಿದ್ಯಾರ್ಥಿ ಗೆಳೆಯರಿಗೆ ಇನ್ನೊಂದು ಮಾತು. ಹೊಸ ಗಾಡಿಗಳು ಇನ್ನೂ ಬರುತ್ತವೆ. ಹಸಿರು ಬಾವುಟ ಹಿಡಿದು, ಹಾರ ಹಾಕಿಸಿಕೊಂಡು ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುವವರೂ ಬರುತ್ತಾರೆ. ಅವರ ಎದುರು ಹೋಗಿ, ನಮ್ಮ ಕುಂದಾಪ್ರ ಕನ್ನಡದಲ್ಲೇ ಕೇಳುವ: ಗಾಡಿ ಲಾಯ್ಕ್ ಇತ್ತ್, ನಮ್ಮ್ ಬೋಗಿ ಎಲ್ಲಿತ್ತ್?