ಎದ್ದು ನಿಂತರು, ಹಾಡಲಿಲ್ಲ

ನಮ್ಮ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನವಿದೆ. ತಂದೆ ತಾಯಿಯ ಮಾತು ಕೇಳಬೇಕು, ಸತ್ಯ ನುಡಿಯಬೇಕು, ಶಿಷ್ಯನು ಗುರುವನ್ನು ಗೌರವಿಸಬೇಕು ಎಂದು ಅದು ತಿಳಿಸುತ್ತದೆ. ಮೇಷ್ಟ್ರುಗಳಿಗೆ ಇದಕ್ಕಿಂತ ಅನುಕೂಲವಾದ ಶಾಸನ ಬೇರೊಂದಿರಲಾರದು! ಆದರೆ ಗುರುವಿನ ಆಜ್ಞೆ ಒಂದು ಕಡೆಗೂ, ತಾನು ಸತ್ಯವೆಂದು ನಂಬಿದ್ದು ಇನ್ನೊಂದು ಕಡೆಗೂ ಎಳೆದರೆ ವಿದ್ಯಾರ್ಥಿ ಏನು ಮಾಡಬೇಕು?

ಕ್ರೈಸ್ತರಿಗೆ ಇದು ಬಹಳ ಹಳೆಯ ಪ್ರಶ್ನೆ. ಯೇಸುವಿನ ಹೆಸರಿನಲ್ಲಿ ಉಪದೇಶಿಸಕೂಡದೆಂದು ಜೆರುಸಲೇಮಿನ ನ್ಯಾಯಸಭೆ ಕಟ್ಟಪ್ಪಣೆ ಮಾಡಿದಾಗ, ತಮಗೆ ದೇವರ ಅಪ್ಪಣೆಯೇ ಮೊದಲೆಂದು ಪೇತ್ರ ಮತ್ತು ಸಂಗಡಿಗರು ಉತ್ತರಿಸಿ, ಪೆಟ್ಟು ತಿಂದರು. ಅದೇ ಬೈಬಲಿನಲ್ಲಿ ಪೌಲನು ಅಧಿಕಾರಿಗಳಿಗೆ ತಗ್ಗಿ ನಡೆಯಬೇಕೆಂದೂ ಬರೆದಿದ್ದಾನೆ. ಎರಡನ್ನೂ ಒಟ್ಟಿಗೆ ಪಾಲಿಸುವುದು ಹೇಗೆಂಬುದನ್ನು ನಾನು ಕಂಡುಕೊಂಡದ್ದು ನೆರೆಯ ಕೇರಳದ ಒಂದು ಮೊಕದ್ದಮೆಯಿಂದ.

ಕೋಟ್ಟಯಂ ಜಿಲ್ಲೆಯ ಕಿಡಂಗೂರಿನ ಶಾಲೆಯೊಂದರಲ್ಲಿ ಹತ್ತು, ಒಂಬತ್ತು ಹಾಗೂ ಐದನೇ ತರಗತಿಗಳಲ್ಲಿ ಓದುತ್ತಿದ್ದ ಮೂವರು ಒಡಹುಟ್ಟಿದವರು. ಯೆಹೋವನ ಸಾಕ್ಷಿಗಳ ಪಂಥದವರು. ಬೆಳಗಿನ ಸಭೆಯಲ್ಲಿ ರಾಷ್ಟ್ರಗೀತೆ ಮೊಳಗುವಾಗ ಗೌರವದಿಂದ ಎದ್ದು ನಿಲ್ಲುತ್ತಿದ್ದರು, ಹಾಡುತ್ತಿರಲಿಲ್ಲ. ಯೆಹೋವನಿಗೆ ಸಲ್ಲಿಸುವ ಪ್ರಾರ್ಥನೆಯ ಹೊರತು ಬೇರೆ ಆಚರಣೆಯಲ್ಲಿ ಸೇರಕೂಡದೆಂಬುದು ಅವರ ನಂಬಿಕೆ. ಯಾವ ದೇಶದ ಗೀತೆಯನ್ನೂ ಈ ಪಂಥದವರು ಹಾಡುವುದಿಲ್ಲ. (ಉಳಿದ ಕ್ರೈಸ್ತರಲ್ಲಿ ಬಹುತೇಕರಿಗೆ ಇಂಥ ಅಡ್ಡಿಯೇನೂ ಇಲ್ಲ.) ಬಹಳ ಕಾಲ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಶಾಸಕರೊಬ್ಬರು ಗಮನಿಸಿ ವಿಧಾನಸಭೆಯಲ್ಲಿ ಪ್ರಶ್ನೆ ಎತ್ತಿದರು. ವಿಚಾರಣಾ ಆಯೋಗವು, ಮಕ್ಕಳು ಕಾನೂನಿಗೆ ತಲೆಬಾಗುವವರು, ಅಗೌರವ ತೋರಿಲ್ಲ ಎಂದು ವರದಿ ಕೊಟ್ಟಿತು. ಆದರೂ 1985ರ ಜುಲೈ 26ರಂದು ಮೇಲಧಿಕಾರಿಯ ಸೂಚನೆಯಂತೆ ಅವರನ್ನು ಶಾಲೆಯಿಂದ ಹೊರಹಾಕಲಾಯಿತು. ದೊಡ್ಡ ಹುಡುಗ ಹೆಚ್ಚುಕಡಿಮೆ ನನ್ನ ಓರಗೆಯವನು.

ಹೈಕೋರ್ಟಿನಲ್ಲಿ ಸೋಲು. 1986ರ ಆಗಸ್ಟ್ 11ರಂದು ಸುಪ್ರೀಂ ಕೋರ್ಟ್ ಮಕ್ಕಳ ಪರವಾಗಿ ತೀರ್ಪಿತ್ತಿತು. ಬಿಜೋ ಎಮ್ಯಾನುಯೆಲ್ ಪ್ರಕರಣವೆಂದು ಅದು ಪ್ರಸಿದ್ಧ. ಬರೆದವರು, ಮುಂದೆ ಕರ್ನಾಟಕದ ಮೂರನೇ ಹಿಂದುಳಿದ ವರ್ಗಗಳ ಆಯೋಗದ ಅಧ್ಯಕ್ಷರಾಗಿ ನಮಗೆ ಪರಿಚಿತರಾದ ನ್ಯಾಯಮೂರ್ತಿ ಒ. ಚಿನ್ನಪ್ಪ ರೆಡ್ಡಿಯವರು. ಹಾಡಲೇಬೇಕೆಂಬ ಕಾನೂನಿಲ್ಲ, ಎದ್ದು ನಿಂತರೆ ಗೌರವ ಸಲ್ಲಿಸಿದಂತೆಯೇ. ನಂಬಿಕೆ ಪ್ರಾಮಾಣಿಕವಾಗಿದ್ದರೆ ಸಂವಿಧಾನದ 25ನೇ ವಿಧಿಯ ರಕ್ಷಣೆ ಅದಕ್ಕಿದೆ. ಅದು ನಮ್ಮ ತರ್ಕಕ್ಕೆ ಒಪ್ಪುತ್ತದೆಯೇ ಎಂಬುದು ಮುಖ್ಯವಲ್ಲ.

ಈ ಕೊನೆಯ ಮಾತು ವಿಜ್ಞಾನ ಪಾಠ ಮಾಡುವ ನನಗೆ ಸುಲಭವಾಗಿ ಗಂಟಲಲ್ಲಿ ಇಳಿಯುವುದಿಲ್ಲ. ಕಾರಣ ಕೇಳುವುದೇ ನಮ್ಮ ಕಸುಬು. ರಾಷ್ಟ್ರಗೀತೆ ಹಾಡಿದರೆ ದೇವರಿಗೆ ಕೊರತೆಯಾಗುತ್ತದೆಂದು ನನಗೆ ಅನ್ನಿಸುವುದೂ ಇಲ್ಲ. ಆದರೆ ಆ ಮಕ್ಕಳ ಅವಿಧೇಯತೆಯ ಅಳತೆ ನೋಡಿ. ಶಾಲೆಗೆ ಬಂದರು, ಸಾಲಿನಲ್ಲಿ ನಿಂತರು, ಉಳಿದವರು ಹಾಡುವುದಕ್ಕೆ ಅಡ್ಡಿ ಮಾಡಲಿಲ್ಲ. ದೇವರದೆಂದು ತಿಳಿದ ಒಂದು ಗೇಣು ಜಾಗವನ್ನು ಮಾತ್ರ ಬಿಟ್ಟುಕೊಡದೆ, ಮಿಕ್ಕಿದ್ದೆಲ್ಲವನ್ನೂ ಶಾಲೆಗೆ ಒಪ್ಪಿಸಿದ್ದರು. ಅದಕ್ಕಾಗಿ ಓದನ್ನೇ ಕಳೆದುಕೊಳ್ಳಲು ಸಿದ್ಧರಾದರು. ಕೆಲಸ ತಪ್ಪಿಸಿಕೊಳ್ಳಲು ಎದುರಾಡುವ ಹುಡುಗ ಏನನ್ನೂ ಕಳೆದುಕೊಳ್ಳಲು ತಯಾರಿರುವುದಿಲ್ಲ.

ಐದನೇ ತರಗತಿಯ ಮಗುವಿನ ನಂಬಿಕೆ ಅದರದೋ, ಅಪ್ಪ ಅಮ್ಮನದೋ ಎಂದು ಪೋಷಕರು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಮನೆಗಳ ಮಕ್ಕಳೂ ದೇವರ ಮುಂದೆ ಕೈಮುಗಿಯಲು ಕಲಿತದ್ದು ನಮ್ಮನ್ನು ನೋಡಿಯೇ.

ಬೆಳಗಿನ ಸಭೆಯಲ್ಲಿ ತುಟಿ ಅಲುಗಿಸದೆ ನಿಲ್ಲುವವರು ನಮ್ಮಲ್ಲೂ ಇರುತ್ತಾರೆ. ಹೆಚ್ಚಿನವರದು ನಿದ್ದೆಗಣ್ಣು. ಸಾಲಿನಲ್ಲೇ ಗದರಿಸುವುದರ ಬದಲು ಸಭೆ ಮುಗಿದ ಮೇಲೆ ಪಕ್ಕಕ್ಕೆ ಕರೆದು ಕೇಳುತ್ತೇನೆ.