ಏಳು ಊರಿನ ಪ್ಲ್ಯಾನ್, ಮೂರು ಊರಿನ ಪ್ರವಾಸ

1/7

ದೋಸ್ತ್ರ, ಮೊದಲೇ ಒಂದು ಮಾತು ಹೇಳಿಬಿಡ್ತೀನಿ. ಜರ್ಮನಿಗೆ ಹೋಗಿದ್ದು ನಾನಲ್ಲ. ಪ್ಲ್ಯಾನ್ ಮಾಡಿದ್ದು ಮಾತ್ರ ನಾನು.

ಫೋಟೊದಲ್ಲಿರೋದು ವ್ಯೂರ್ಟ್ಸ್‌ಬರ್ಗ್ ಅನ್ನೋ ಊರಿನ ಹಳೇ ಸೇತುವೆ, ಕೆಳಗೆ ಮೈನ್ ನದಿ. ಇಳಕಲ್ ಸೀರಿ ಮ್ಯಾಲೆ ಅಣ್ಣನ ಜಾಕೆಟ್ ಹಾಕ್ಕೊಂಡು ನಿಂತಾಕಿ ನಮ್ಮವ್ವ. ಬಾಜೂಕ್ಕ ಕೈ ಕಟ್ಟಿ ನಿಂತಾವ್ರು ನಮ್ಮಪ್ಪ. ಫೋಟೊ ತೆಗೆದಿದ್ದು ಅಣ್ಣ. ಇದು ನನ್ನ ಫೋನಿಗೆ ಬಂದಾಗ ನಾನು ರೋಣದ ಬಸ್ ಸ್ಟ್ಯಾಂಡ್‌ನಲ್ಲಿ ಗಜೇಂದ್ರಗಡದ ಬಸ್ಸಿಗೆ ಕಾಯ್ತಿದ್ದೆ.

ಸ್ಟೋರಿ ನೋಡಿ ಭಾಳ ಮಂದಿ ಕೇಳಿದ್ರಿ: "ನಾಕು ದಿನದ ಟ್ರಿಪ್ ಹೆಂಗ ಪ್ಲ್ಯಾನ್ ಮಾಡಿದಿ? ಎಷ್ಟು ಖರ್ಚಾತು?" ಹೇಳ್ತೀನಿ. ಆದರೆ ಎಕ್ಸೆಲ್ ಶೀಟ್ ಅಷ್ಟೇ ಕೊಟ್ಟರೆ ಅರ್ಧ ಸುಳ್ಳು ಹೇಳಿದಂಗ ಆಗ್ತದ. ಯಾಕಂದ್ರ ನನ್ನ ಮೊದಲ ಶೀಟ್ ಪೂರ್ತಿ ತಪ್ಪಿತ್ತು. ಅದೂ ಸೇರಿಸಿ ಏಳು ಪೋಸ್ಟ್‌ನಲ್ಲಿ ಬರೀತೀನಿ.

2/7

ನಮ್ಮನಿ ಗಜೇಂದ್ರಗಡ. ನನ್ನ ಬಿಕಾಂ ರೋಣದಾಗ. ಅವ್ವನ ತವರುಮನಿ ನರಗುಂದ. ನನ್ನ ಇಪ್ಪತ್ತು ವರ್ಷದ ಬದುಕು ಈ ಮೂರು ಊರಿನ ಬಸ್ಸಿನಲ್ಲೇ ಕಳೆದಿದೆ. ಮೂರೂ ಊರೊಳಗೆ ರೈಲ್ವೆ ಸ್ಟೇಷನ್ ಇಲ್ಲ. ರೋಣ ತಾಲೂಕಿನಲ್ಲಿ ಹೊಳೆಆಲೂರು, ಮಲ್ಲಾಪುರಕ್ಕೆ ರೈಲು ಬರ್ತದ, ಆದರೆ ನಾವು ದೂರ ಹೋಗೋದಿದ್ರ ಗದಗಕ್ಕೇ ಹೋಗೋದು. ಅದೂ ಮದುವಿ, ದವಾಖಾನಿ ಇದ್ದಾಗ ಮಾತ್ರ. ಒಂದು ರೈಲು ಇಳಿದು ಇನ್ನೊಂದು ರೈಲು ಹತ್ತೋದು ಅನ್ನೋದು ನಮ್ಮ ಮನಿಯಾಗ ಯಾರೂ ಮಾಡಿದ್ದೇ ಇಲ್ಲ.

ಅಣ್ಣ 2024ರ ಅಕ್ಟೋಬರ್‌ನಲ್ಲಿ ಮಾಸ್ಟರ್ಸ್ ಓದಲಿಕ್ಕೆ ಡಾರ್ಮ್‌ಸ್ಟಾಟ್‌ಗೆ ಹೋದ. ಫ್ರಾಂಕ್‌ಫರ್ಟ್ ಹತ್ತಿರದ ಊರು. ಹೋಗೋಕೆ ಮೊದಲು ಅವನ ಹೆಸರಿನಲ್ಲಿ 11,904 ಯೂರೋ ಒಂದು ಖಾತೆಗೆ ಕಟ್ಟಬೇಕಿತ್ತು. ಒಂದು ವರ್ಷದ ಊಟ, ಬಾಡಿಗೆಗೆ ಇವನ ಹತ್ರ ರೊಕ್ಕ ಐತಿ ಅಂತ ತೋರಿಸಲಿಕ್ಕೆ. ತಿಂಗಳಿಗೆ 992 ಯೂರೋ ಮಾತ್ರ ತೆಗೀಬಹುದು. ನಮ್ಮ ಲೆಕ್ಕದಲ್ಲಿ ಹನ್ನೊಂದು ಲಕ್ಷದ ಹತ್ತಿರ. ಅಪ್ಪ ಸೀರಿ ಅಂಗಡಿಯಲ್ಲಿ ಲೆಕ್ಕ ಬರೆಯುವವರು. ಆ ಸಾಲದ ಚೀಟಿ ಇನ್ನೂ ಅವರ ಡೈರಿಯೊಳಗೇ ಇದೆ.

ಅಣ್ಣ ಅಲ್ಲಿ ಓದಿನ ಜೊತೆ ಕೆಲಸ ಮಾಡಿ ಎರಡು ವಿಮಾನದ ಟಿಕೆಟ್‌ಗೆ ಕೂಡಿಸಿದ. ಎರಡೇ. ಮೂರನೆಯದಕ್ಕೆ ಆಗಲಿಲ್ಲ. ಫೋನಿನಲ್ಲಿ, "ತಂಗಿ, ನೀ ಬ್ಯಾಸರ ಮಾಡ್ಕೋಬ್ಯಾಡ. ನಾಕು ದಿನ ಅವ್ವ-ಅಪ್ಪಗ ಊರು ತೋರಸ್ತೀನಿ. ಪ್ಲ್ಯಾನ್ ನೀನ ಮಾಡು, ನಿನಗ ಲೆಕ್ಕ ಚಲೋ ಬರ್ತೈತಿ" ಅಂದ.

"ಬ್ಯಾಸರ ಏನಿಲ್ಲ ಬಿಡೋ" ಅಂದೆ. ಸುಳ್ಳು ಅಂತ ನಿಮಗೂ ಗೊತ್ತಾಯ್ತಲ್ಲ.

3/7

ಮೊದಲು ಟಿಕೆಟ್ ವಿಷಯ. ಇದು ಓದೋಕೆ ಹೋಗುವವರಿಗೂ ಉಪಯೋಗ, ಸೇವ್ ಮಾಡ್ಕೊಳ್ರಿ.

ಅಲ್ಲಿ ಡಾಯ್ಚ್‌ಲಾಂಡ್ ಟಿಕೆಟ್ ಅಂತ ತಿಂಗಳ ಪಾಸ್ ಇದೆ. 2023ರ ಮೇ ತಿಂಗಳಲ್ಲಿ 49 ಯೂರೋಗೆ ಶುರುವಾಯ್ತು, 2025ರಲ್ಲಿ 58. ಅಪ್ಪಗ ಇದನ್ನ ತಿಳಿಸಿ ಹೇಳಲಿಕ್ಕೆ ನಂಗ ಒಂದೇ ನಿಮಿಷ ಸಾಕಾಯ್ತು: "ಅಪ್ಪಾ, ನಮ್ಮ ಶಕ್ತಿ ಯೋಜನೆ ಇದ್ದಂಗ."

ನೋಡ್ರಿ, 2023ರ ಜೂನ್ 11ರಿಂದ ನಾವು ಹೆಣ್ಣುಮಕ್ಕಳು ಸಾಮಾನ್ಯ ಬಸ್ಸು, ಎಕ್ಸ್‌ಪ್ರೆಸ್ ಬಸ್ಸಿನಲ್ಲಿ ರಾಜ್ಯದೊಳಗೆ ಎಲ್ಲಿ ಬೇಕಾದರೂ ಹೋಗ್ತೀವಿ. ರಾಜಹಂಸ, ಐರಾವತ ಹತ್ತೋಕೆ ಬರಲ್ಲ. ಅಲ್ಲಿನ ಪಾಸೂ ಹಂಗ. ಊರೂರಿಗೆ ನಿಲ್ಲುವ ಪ್ರಾದೇಶಿಕ ರೈಲು, ಸಿಟಿ ಬಸ್ಸು, ಟ್ರಾಮ್ ಎಲ್ಲಾ ನಡೀತದ. ಐಸಿಇ ಅಂತ ಭರ್ರನೆ ಓಡುವ ರೈಲು ಮಾತ್ರ ನಡೆಯಲ್ಲ. ಒಂದೇ ಫರಕು: ನಮ್ಮದು ಫ್ರೀ, ಅವರದಕ್ಕ ರೊಕ್ಕ.

ಇನ್ನೊಂದು ಲೆಕ್ಕ. ಆ ಪಾಸ್ ತಿಂಗಳ 1ನೇ ತಾರೀಖಿನಿಂದ ಕೊನೆಯ ತಾರೀಖಿನವರೆಗೆ. ಪ್ರವಾಸ ಎರಡು ತಿಂಗಳಲ್ಲಿ ಹಂಚಿಹೋದರೆ ಎರಡು ಪಾಸ್ ಬೇಕು. ಅದು ಚಂದಾ ಇದ್ದಂಗ, 10ನೇ ತಾರೀಖಿನೊಳಗೆ ರದ್ದು ಮಾಡದಿದ್ರ ಮುಂದಿನ ತಿಂಗಳದ ರೊಕ್ಕಾನೂ ಹೋಗ್ತದ. ಅದಕ್ಕ ನಾನು ಸೆಪ್ಟೆಂಬರ್ 2ಕ್ಕೆ ಹೋಗೋದು, 20ಕ್ಕೆ ವಾಪಸ್ ಅಂತ ಹಾಕಿದೆ. ಗಣಪ್ಪನ್ನ ಕೂಡಿಸಿ ಹೋದಂಗೂ ಆಯ್ತು, ನವರಾತ್ರಿ ಘಟ್ಟಕ್ಕ ಅವ್ವ ಮನಿಯಾಗ ಇದ್ದಂಗೂ ಆಯ್ತು. ಇಬ್ಬರಿಗೆ 116 ಯೂರೋ, ಯೂರೋಗೆ ನೂರು ರೂಪಾಯಿ ಹಿಡಿದರೆ ಹನ್ನೆರಡು ಸಾವಿರದ ಒಳಗೆ ಮೂರು ವಾರದ ಓಡಾಟ.

ವೀಸಾ ಫೀ ತಲಾ 90 ಯೂರೋ. ಕಡಿಮೆ ಅಂದ್ರ 30,000 ಯೂರೋ ಆಸ್ಪತ್ರೆ ಖರ್ಚು ತುಂಬುವ ಇನ್ಶೂರೆನ್ಸ್ ಬೇಕೇ ಬೇಕು. ಇಷ್ಟೂ ಶೀಟ್‌ನಲ್ಲಿ ಸರಿಯಾಗಿ ಕೂತ್ಕೊಂತು. ನನಗ ನನ್ನ ಮ್ಯಾಲೇ ಹೆಮ್ಮೆ ಬಂತು. ತಪ್ಪು ಅಲ್ಲಿಂದನೇ ಶುರು.

4/7

ಊರುಗಳ ಪಟ್ಟಿ ಮಾಡಿದೆ. ಹೈಡಲ್‌ಬರ್ಗ್, ಅರಮನಿ ಸಲುವಾಗಿ. ಟ್ಯೂಬಿಂಗನ್, ಯಾಕಂದ್ರ ಕನ್ನಡ ನಿಘಂಟಿನ ಕಿಟೆಲ್ ಅವರು 1903ರಲ್ಲಿ ತೀರಿಕೊಂಡ ಊರು. ಮ್ಯೂನಿಕ್. ಫ್ಯೂಸನ್, ರೀಲ್ಸ್‌ನಲ್ಲಿ ಬರುವ ಆ ಬಿಳಿ ಕೋಟಿ ಸಲುವಾಗಿ. ರೋಥೆನ್‌ಬರ್ಗ್, ಚಿತ್ರದ ಪುಸ್ತಕದಂಥ ಊರು. ಆಮೇಲೆ ನ್ಯೂರೆಂಬರ್ಗ್, ವ್ಯೂರ್ಟ್ಸ್‌ಬರ್ಗ್. ನಾಕು ದಿನ, ಏಳು ಊರು. ಆಪ್‌ನಲ್ಲಿ ಎಲ್ಲಾ ಜೋಡಣೆ ಸಿಕ್ತು. ಒಂದು ಕಡೆ ಎಂಟು ನಿಮಿಷ, ಒಂದು ಕಡೆ ಏಳು, ರೋಥೆನ್‌ಬರ್ಗ್‌ಗೆ ಹೋಗುವಾಗ ಸ್ಟೈನಾಕ್ ಅನ್ನೋ ಸಣ್ಣ ಸ್ಟೇಷನ್‌ನಲ್ಲಿ ಐದಾರು ನಿಮಿಷ. ಹಸಿರು ಬಣ್ಣ ಹಾಕಿ ಪಿಡಿಎಫ್ ಮಾಡಿ ಮನಿ ಗ್ರೂಪ್‌ಗೆ ಹಾಕಿದೆ.

ಅಪ್ಪ ಥಂಬ್ಸ್ ಅಪ್ ಹಾಕಿದ್ರು. ಅವ್ವ ಅಡಗಿ ಮನಿಯಿಂದಾನ ಕೇಳಿದ್ಲು, "ಎಷ್ಟ ಸಲ ಗಾಡಿ ಬದಲಿ ಮಾಡೂದೈತಿ?"

"ಹದಿನಾಲ್ಕು ಸಲ."

ಸ್ವಲ್ಪ ಹೊತ್ತು ರೊಟ್ಟಿ ಬಡಿಯೋ ಸಪ್ಪಳ ಅಷ್ಟೇ. ಆಮ್ಯಾಲೆ ಅಂದ್ಲು: "ಹಂಗಾದ್ರ ಅವರಿಬ್ಬರು ಅಡ್ಡಾಡಿ ಬರ್ಲಿ ಬಿಡವಾ. ನಾ ಅವನ ಖೋಲ್ಯಾಗ ಅಡಗಿ ಮಾಡ್ಕೊಂತ ಇರ್ತೀನಿ. ನನಗ ಅವನ ಮಾರಿ ನೋಡಿದ್ರ ಸಾಕು."

ಸಿಟ್ಟಿನಿಂದ ಹೇಳಿದ್ದಲ್ಲ ಅದು. ಅದಕ್ಕೇ ನಂಗ ಹೆಚ್ಚು ಚುಚ್ಚಿದ್ದು. ರಾತ್ರಿ ಶೀಟ್ ತೆಗೆದು ನೋಡಿದೆ. ಅವ್ವನ ಮೊಣಕಾಲು ನೋವು ಅದರಲ್ಲಿ ಎಲ್ಲೂ ಇರಲಿಲ್ಲ. ಅಪ್ಪನ ಇಷ್ಟ ಇರಲಿಲ್ಲ. ಅದು ನಾನು ಹೋಗಿದ್ರ ಮಾಡ್ತಿದ್ದ ಟ್ರಿಪ್. ಸಿಗದೇ ಹೋದ ಮೂರನೇ ಟಿಕೆಟ್ಟನ್ನ ನಾನು ಅವರಿಬ್ಬರ ಕಾಲ ಮ್ಯಾಲೆ ಹೇರಿದ್ದೆ.

5/7

ಮುಂದಿನ ಭಾನುವಾರ ಅವ್ವಗ ಹೇಳಿದೆ: "ನಡಿ, ನರಗುಂದಕ್ಕ ಅಜ್ಜಿ ಕಡೆ ಹೋಗಿ ಬರೂಣು. ಆದ್ರ ರೈಲಿನ್ಯಾಗ, ಹುಬ್ಬಳ್ಳಿ ಮ್ಯಾಲೆ." ಸುತ್ತು ದಾರಿ ಯಾಕ ಅಂತ ಬೈದ್ಲು, ಆದ್ರ ಬಂದ್ಲು.

ಗಜೇಂದ್ರಗಡದಿಂದ ಗದಗ ಬಸ್ಸು, ಇಬ್ಬರಿಗೂ ಶೂನ್ಯ ಟಿಕೆಟ್. ಗದಗದಿಂದ ಹುಬ್ಬಳ್ಳಿ ರೈಲು. ಹುಬ್ಬಳ್ಳಿ ಸ್ಟೇಷನ್ ಗೊತ್ತಲ್ಲ, 1,507 ಮೀಟರ್ ಪ್ಲಾಟ್‌ಫಾರ್ಮ್, ಜಗತ್ತಿನಲ್ಲೇ ಉದ್ದದ್ದು, 2023ರ ಮಾರ್ಚ್‌ನಲ್ಲಿ ಉದ್ಘಾಟನೆ ಆಗಿದ್ದು. ಇಳಿದ ಕೂಡಲೇ ನಾನು ಗುಟ್ಟಾಗಿ ಫೋನಿನಲ್ಲಿ ಸ್ಟಾಪ್‌ವಾಚ್ ಒತ್ತಿದೆ.

ಎಸ್ಕಲೇಟರ್ ಕಡೆ ಕರೆದೆ. "ಸೆರಗ ಸಿಕ್ಕೊಂಡ್ರ ಏನ್ ಮಾಡ್ಲಿ" ಅಂತ ಮೆಟ್ಟಿಲ ಕಡೆಗೇ ನಡೆದ್ಲು. ಒಂದೊಂದು ಮೆಟ್ಟಿಲಿಗೂ ಎರಡೂ ಕಾಲು ಕೂಡಿಸಿ ಹತ್ತೋದು. ನಡುವ ಒಂದು ಸಲ ಕಂಬಿ ಹಿಡಿದು ನಿಂತ್ಲು, ಮಂದಿ ನೋಡ್ತಾರ ಅಂತ ಸೀರಿ ನೆರಿಗಿ ಸರಿ ಮಾಡೋ ನೆಪ ಮಾಡಿದ್ಲು. ಹೊರಗೆ ಬರೋ ಹೊತ್ತಿಗೆ 13 ನಿಮಿಷ.

ನನ್ನ ಶೀಟ್‌ನಲ್ಲಿದ್ದಿದ್ದು ಐದು, ಏಳು, ಎಂಟು.

ಹೊರಗೆ ಕುಂತಾಗ ನೀರಿನ ಬಾಟ್ಲಿ ಕೊಟ್ಟೆ. ತುಟಿ ಒದ್ದಿ ಮಾಡ್ಕೊಂಡು ವಾಪಸ್ ಕೊಟ್ಲು. ತಲಿ ನೋಯ್ತೈತಿ ಅಂತಿದ್ಲು, ಆದ್ರ ನೀರು ಕುಡಿಯವಲ್ಲಳು. ನಾನು ಜೋರು ಮಾಡಿದೆ. ಆಗ ಮೆಲ್ಲಕ ಹೇಳಿದ್ಲು: "ಊರಿಗೆ ಹೊಂಟ ದಿನ ನಾ ನೀರ ಕುಡಿಯಾಂಗಿಲ್ಲವಾ. ಎಲ್ಲಿ ಹೋಗೂದು ಆಮ್ಯಾಲೆ?"

ಮುಂಜಾನೆ ಆರರಿಂದ ಒಂದು ಗುಟುಕೂ ಇಲ್ಲ. ಸುಮ್ಮನ ಕುಂತೆ. ಯಾಕಂದ್ರ ಗಜೇಂದ್ರಗಡದಿಂದ ರೋಣಕ್ಕೆ ಬರುವಾಗ ನಾನೂ ಬಾಟ್ಲಿ ತುಂಬ್ಕೊಂಡು ಬರ್ತೀನಿ, ತುಂಬಿದ ಬಾಟ್ಲಿನೇ ವಾಪಸ್ ತಗೊಂಡು ಹೋಗ್ತೀನಿ. ಕ್ಲಾಸಿನ ಹುಡುಗ್ಯಾರ, ನೀವೂ ಹಂಗ ಅಲ್ಲೇನ್ರಿ?

6/7

ನರಗುಂದದಾಗ ಅಜ್ಜಿಗೆ ಈ ಮಾತು ಹೇಳಿದ್ರ ನಕ್ಕುಬಿಟ್ಲು. "ನಾನೂ ಜಾತ್ರಿಗೆ ಚಕ್ಕಡ್ಯಾಗ ಹೊಂಟ್ರ ಹಿಂದಿನ ರಾತ್ರಿಯಿಂದಾನ ನೀರ ಬಂದ್ ಮಾಡ್ತಿದ್ದೆ" ಅಂದ್ಲು. ಮೂರು ತಲಿಮಾರು, ಒಂದೇ ಪ್ಲ್ಯಾನ್.

ಮರುದಿನ ನರಗುಂದ–ರೋಣ–ಗಜೇಂದ್ರಗಡ ಬಸ್ಸಿನಲ್ಲಿ ಕೂತು ಹೊಸ ಶೀಟ್ ಶುರು ಮಾಡಿದೆ. ಈ ಸಲ ಮೊದಲ ಕಾಲಂ ಊರಲ್ಲ. ಅವ್ವ. ಎಷ್ಟು ಮೆಟ್ಟಿಲು, ಎಲ್ಲಿ ಕೂಡೋದು, ಎಲ್ಲಿ ಶೌಚಾಲಯ.

ಅಣ್ಣನ್ನ ದಿನಾ ಪ್ರಶ್ನೆ ಕೇಳಿ ಬ್ಯಾಸರ ಮಾಡಿಸಿದೆ. ಗೊತ್ತಾಗಿದ್ದು ಇಷ್ಟು: ಅಲ್ಲಿನ ಪ್ರಾದೇಶಿಕ ರೈಲಿನೊಳಗೆ ಶೌಚಾಲಯ ಇರ್ತದ. ದೊಡ್ಡ ಸ್ಟೇಷನ್‌ನಲ್ಲಿ ಸಾಮಾನ್ಯವಾಗಿ ಒಂದು ಯೂರೋ ಕೊಡಬೇಕು, ಅದಕ್ಕ ಅವ್ವನ ಪರ್ಸಿನಲ್ಲಿ ಯಾವಾಗಲೂ ಚಿಲ್ಲರ ಇರಬೇಕು. ಫ್ರಾಂಕ್‌ಫರ್ಟ್ ದೊಡ್ಡ ಸ್ಟೇಷನ್‌ನಲ್ಲಿ ಹಳಿಗಳು ಬಂದು ಮುಗೀತಾವ, ಹಂಗಾಗಿ ಮೇಲಿನ ಪ್ಲಾಟ್‌ಫಾರ್ಮ್‌ಗಳ ನಡುವೆ ಮೆಟ್ಟಿಲಿಲ್ಲ, ಸಪಾಟು ನಡಿಗಿ. ಭಾನುವಾರ ಅಂಗಡಿ ಬಂದ್, ಸೋಮವಾರ ಭಾಳ ಮ್ಯೂಸಿಯಂ ಬಂದ್. ಅದಕ್ಕ ಮಂಗಳವಾರದಿಂದ ಶುಕ್ರವಾರ, ಸೆಪ್ಟೆಂಬರ್ 9ರಿಂದ 12.

ಇನ್ನೊಂದು. ಜರ್ಮನಿ ರೈಲು ಅಂದ್ರ ಗಡಿಯಾರ ಅಂತ ನಾನೂ ನಂಬಿದ್ದೆ. 2024ರಲ್ಲಿ ಅವರ ದೂರದ ರೈಲುಗಳಲ್ಲಿ ನೂರಕ್ಕೆ ಸುಮಾರು 62 ಮಾತ್ರ ವೇಳೆಗೆ ಬಂದಾವು. ಅದೂ ಆರು ನಿಮಿಷದೊಳಗಿನ ತಡವನ್ನ ತಡ ಅಂತ ಹಿಡಿಯದೇ. ಹಂಗಾಗಿ ಐದು ನಿಮಿಷದ ಜೋಡಣೆ ಅವ್ವಗ ಅಷ್ಟೇ ಅಲ್ಲ, ನಿಮಗೂ ಬ್ಯಾಡ.

ಹೊಸ ಪ್ಲ್ಯಾನ್, ಮೂರು ಊರು:

ದಿನ 1: ಫ್ರಾಂಕ್‌ಫರ್ಟ್‌ನಿಂದ ವ್ಯೂರ್ಟ್ಸ್‌ಬರ್ಗ್, ನೇರ ರೈಲು, ಸುಮಾರು ಎರಡು ತಾಸು. ನೋಡೋದು ಅರಮನಿ, ಸೇತುವೆ. ಅರಮನಿ 1981ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ.
ದಿನ 2: ಬಾಂಬೆರ್ಗ್, ಸುಮಾರು ಒಂದು ತಾಸು. ನದಿ ನಡುವೆ ಕಟ್ಟಿದ ಹಳೇ ಪುರಭವನ. ಹಳೇ ಊರು ಪೂರ್ತಿ ಯುನೆಸ್ಕೊ ಪಟ್ಟಿಯಲ್ಲಿ, 1993ರಿಂದ.
ದಿನ 3: ನ್ಯೂರೆಂಬರ್ಗ್, ಒಂದು ತಾಸಿನೊಳಗೆ. ಇದು ಅಪ್ಪನ ಸಲುವಾಗಿ. ಜರ್ಮನಿಯ ಮೊದಲ ಉಗಿ ರೈಲು 1835ರ ಡಿಸೆಂಬರ್ 7ರಂದು ಇಲ್ಲಿಂದ ಫ್ಯೂರ್ತ್‌ಗೆ ಓಡಿತ್ತು. ನಮ್ಮ ಬೋರಿಬಂದರ್–ಠಾಣೆ ರೈಲಿಗಿಂತ ಹದಿನೇಳು ವರ್ಷಕ್ಕೂ ಹೆಚ್ಚು ಮುಂಚೆ. ರೈಲ್ವೆ ಮ್ಯೂಸಿಯಂ ಇದೆ. ಕೋಟಿ ಗುಡ್ಡದ ಮ್ಯಾಲೆ ಐತಿ, ಅದು ಅಪ್ಪ-ಅಣ್ಣಗ ಅಷ್ಟೇ. ಅವ್ವಗ ಕೆಳಗೆ ಸಂತಿ ಕಟ್ಟೆ.
ದಿನ 4: ವಾಪಸ್. ವ್ಯೂರ್ಟ್ಸ್‌ಬರ್ಗ್‌ನಲ್ಲಿ ರೈಲು ಬದಲಿ, ನಡುವೆ 45 ನಿಮಿಷ.

ಹದಿನಾಲ್ಕು ಬದಲಿ ಹೋಗಿ ಮೂರಾದವು. ಕಿಟೆಲ್ ಊರು ತೆಗೆಯುವಾಗ ಅಣ್ಣಗ ಬ್ಯಾಸರ ಆಯ್ತು, ಬಿಳಿ ಕೋಟಿ ತೆಗೆಯುವಾಗ ನಂಗ. ಅವ್ವ ಶೀಟ್ ಓದಿಸಿ ಕೇಳಿದ್ಲು. ಕೊನಿಗೆ ಇಷ್ಟೇ ಅಂದ್ಲು: "ಮೂರ ಊರಲ್ಲ? ಗಜೇಂದ್ರಗಡ, ರೋಣ, ನರಗುಂದ ಇದ್ದಂಗ. ಹೋಗಿ ಬರ್ತೀನಿ ತಗೋ."

7/7

ಎಲ್ಲಾ ಶೀಟ್ ಪ್ರಕಾರ ನಡೀಲಿಲ್ಲ. ಮೂರನೇ ದಿನ ಒಂದು ರೈಲು ಬರಲೇ ಇಲ್ಲ. ಮೊದಲಿನ ಪ್ಲ್ಯಾನ್ ಇದ್ದಿದ್ರ ಅವತ್ತಿನ ಉಳಿದ ಎರಡು ಊರು ಕೆಟ್ಟು ಹೋಗ್ತಿದ್ವು. ಈಗ ಆಗಿದ್ದು ಏನು ಅಂದ್ರ, ಬಾಂಬೆರ್ಗ್ ಸ್ಟೇಷನ್‌ನ ಬೆಂಚಿನ ಮ್ಯಾಲೆ ಮೂರೂ ಮಂದಿ ಕುಂತು ಖಡಕ್ ರೊಟ್ಟಿ, ಶೇಂಗಾ ಹಿಂಡಿ ತಿಂದ್ರು. ಅಪ್ಪ ಅಲ್ಲಿಂದ ವಿಡಿಯೋ ಕಾಲ್ ಮಾಡಿ, "ಇಲ್ಲೂ ನಮ್ಮಂಗ ಐತಿ ಬಿಡವಾ, ಮಂದಿ ಬೋರ್ಡ್ ನೋಡಿ ಬೈಕೊಂತ ನಿಂತಾರ" ಅಂತ ಖುಷಿಯಾಗಿ ಹೇಳಿದ್ರು.

ಆಮ್ಯಾಲೆ ಫೋನು ಅವ್ವನ ಕೈಗೆ ಹೋಯ್ತು. ಊರು ತೋರಸ್ತಾಳ ಅಂದ್ಕೊಂಡೆ. ಆಕಿ ಬಾಟ್ಲಿ ಎತ್ತಿ ಕ್ಯಾಮೆರಾಕ್ಕ ಹಿಡಿದ್ಲು. ಅರ್ಧ ಖಾಲಿ.

"ನೋಡ, ಕುಡಿದೀನಿ" ಅಂದ್ಲು.

ನಾನು ಎಲ್ಲಿದ್ದೆ ಅಂದ್ರ, ಕಾಲೇಜಿನಿಂದ ಬಸ್ ಸ್ಟ್ಯಾಂಡ್ ಕಡೆ ನಡಕೊಂತ. ಬ್ಯಾಗಿನಲ್ಲಿ ನನ್ನ ಬಾಟ್ಲಿ ಪೂರ್ತಿ ತುಂಬಿತ್ತು.

ಜರ್ಮನಿಗೆ ನಾ ಒಂದಿನ ಹೋಗೇ ಹೋಗ್ತೀನಿ, ಬಿಳಿ ಕೋಟಿಗೂ ಹೋಗ್ತೀನಿ, ಓಡಿ ಓಡಿ ರೈಲು ಹಿಡೀತೀನಿ. ಅದು ನನ್ನ ಶೀಟ್, ಎತ್ತಿಟ್ಟೀನಿ. ಆದರೆ ನೀವು ಅವ್ವ-ಅಪ್ಪನ್ನ ಎಲ್ಲಿಗಾದರೂ ಕರ್ಕೊಂಡು ಹೋಗೋದಿದ್ರ, ಬಾದಾಮಿಗೇ ಆಗಲಿ ಬರ್ಲಿನ್‌ಗೇ ಆಗಲಿ, ಆಪ್ ತೆಗೆಯೋಕೆ ಮೊದಲು ಒಂದು ಸಲ ಅವರ ಜೊತೆ ಮೆಟ್ಟಿಲು ಹತ್ತಿ ನೋಡ್ರಿ. ಅವರು ಎಲ್ಲಿ ನಿಲ್ತಾರ, ಯಾವ ನೆಪ ಹೇಳ್ತಾರ, ನೀರು ಕುಡೀತಾರೋ ಇಲ್ಲೋ ನೋಡ್ರಿ. ಟೈಮ್‌ಟೇಬಲ್ ಆಮ್ಯಾಲೆ ಮಾಡಿದ್ರಾತು.

ಶೀಟ್ ಬೇಕಾದವರು ಕಾಮೆಂಟ್‌ನಲ್ಲಿ "ಶೀಟ್" ಅಂತ ಬರೀರಿ, ಕಳಸ್ತೀನಿ. ಜೊತೆಗೆ ಇದನ್ನೂ ಬರೀರಿ: ನಿಮ್ಮ ಮನಿಯಾಗ ಊರಿಗೆ ಹೊಂಟ ದಿನ ಯಾರು ನೀರು ಕುಡಿಯಲ್ಲ?

#ಗಜೇಂದ್ರಗಡ #ರೋಣ #ನರಗುಂದ #ಅವ್ವನಪ್ರವಾಸ